ಎಚ್‌ಬಿಸಿ ವಾಯಿದೆಗೆ ಸಿದ್ಧರಾಗುವುದು ಹೇಗೆ?

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಪ್ರಕರಣದ ಮುಂದೆ ‘ಎಚ್‌ಬಿಸಿ’ (ಹಿಯರಿಂಗ್ ಬಿಫೋರ್ ಚಾರ್ಜ್) ಎಂದು ಬಂದಿದ್ದರೆ, ನ್ಯಾಯಾಲಯ ದೋಷಾರೋಪ ಹೊರಿಸುವ ಮುನ್ನ ಎರಡೂ ಕಡೆಯ ವಾದ ಕೇಳುವ ಹಂತ ಬಂದಿದೆ ಎಂದು ತಿಳಿಯಬೇಕು. ಕರ್ನಾಟಕದ ನ್ಯಾಯಾಲಯಗಳಲ್ಲಿ ಎಲ್ಲರೂ ಈ ಮೂರಕ್ಷರದಲ್ಲೇ ಮಾತು ಮುಗಿಸುವುದರಿಂದ ಅನೇಕ ಆರೋಪಿಗಳು ಇದನ್ನೂ ಮತ್ತೊಂದು ವಾಯಿದೆ ಎಂದುಕೊಂಡು ಬಂದು ಹೋಗುತ್ತಾರೆ. ವರ್ಷಗಟ್ಟಲೆ ಅಲೆಸಬಹುದಾದ ವಿಚಾರಣೆ ನಡೆಯಬೇಕೇ ಬೇಡವೇ ಎಂಬುದು ತೀರ್ಮಾನವಾಗುವ ದಿನ ಹಾಗೆ ಕಳೆದುಹೋಗುವುದನ್ನು ಕಂಡಾಗ ಸಂಕಟವಾಗುತ್ತದೆ.

ಸಿದ್ಧತೆ ಆರಂಭವಾಗುವುದು ಪೊಲೀಸರು ಸಲ್ಲಿಸಿದ ಆರೋಪಪಟ್ಟಿಯ ಪ್ರತಿ ಕೈಗೆ ಬಂದ ದಿನ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 230ರ ಪ್ರಕಾರ, ಆರೋಪಿ ಹಾಜರಾದ 14 ದಿನಗಳೊಳಗೆ ಎಫ್‌ಐಆರ್, ಸಾಕ್ಷಿಗಳ ಹೇಳಿಕೆ ಮತ್ತು ಪೊಲೀಸರು ಆಧಾರವಾಗಿಟ್ಟುಕೊಂಡ ದಾಖಲೆಗಳ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ‘ಪ್ರತಿ ಪಡೆದಿದ್ದೇನೆ’ ಎಂದು ಸಹಿ ಮಾಡುವ ಮುನ್ನ ಪುಟಗಳನ್ನು ಎಣಿಸಿ ನೋಡಿ. ಜೆರಾಕ್ಸ್‌ನ ಮೇಲೆ ಜೆರಾಕ್ಸ್ ತೆಗೆದು ಮಹಜರಿನ ಕೈಬರಹ ಕಪ್ಪು ಕಲೆಯಾಗಿದ್ದರೆ, ಓದಲು ಬರುವ ಪ್ರತಿ ಕೊಡಿಸುವಂತೆ ವಕೀಲರ ಮೂಲಕ ಅಂದೇ ಕೇಳಿ. ಏಕೆಂದರೆ ಮ್ಯಾಜಿಸ್ಟ್ರೇಟರ ಮುಂದಿನ ವಾರಂಟ್ ಪ್ರಕರಣದಲ್ಲಿ (ಎರಡು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಪ್ರಕರಣ) ಬಿಡುಗಡೆ, ಅಂದರೆ ವಿಚಾರಣೆಯಿಲ್ಲದೆಯೇ ಪ್ರಕರಣದಿಂದ ಕೈಬಿಡುವಂತೆ ಕೋರುವ ಅರ್ಜಿಗೆ ಕಲಂ 262 ಕೊಡುವ 60 ದಿನಗಳ ಅವಧಿ ಪ್ರತಿ ಕೊಟ್ಟ ದಿನದಿಂದಲೇ ಓಡುತ್ತದೆ. ಸೆಷನ್ಸ್ ಪ್ರಕರಣದಲ್ಲಿ ಕಲಂ 250ರ ಅಡಿ ಈ 60 ದಿನಗಳು ಪ್ರಕರಣ ಸೆಷನ್ಸ್‌ಗೆ ಒಪ್ಪಿಸಿದ ದಿನದಿಂದ ಲೆಕ್ಕವಾಗುತ್ತವೆ. ವಕೀಲರನ್ನಿಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಮತ್ತು ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ.

ಕಾಗದಗಳನ್ನು ಓದುವ ಕೆಲಸಕ್ಕೇ ಹೆಚ್ಚು ಸಮಯ ಕೊಡಿ. ಬದುವಿನ ಜಗಳದ ಒಂದು ಕೇಸನ್ನು ಊಹಿಸಿಕೊಳ್ಳಿ. ಮೂಲ ದೂರಿನಲ್ಲಿ ಇಬ್ಬರ ಹೆಸರಿದ್ದು, ಮೂರನೆಯವನ ಹೆಸರು ಮೂರು ವಾರಗಳ ನಂತರದ ಮರು ಹೇಳಿಕೆಯಲ್ಲಿ ಮಾತ್ರ ಬಂದಿದೆ; ಅವನು ಅಲ್ಲಿ ಏನು ಮಾಡಿದ, ಏನು ಅಂದ ಎಂಬುದನ್ನು ಯಾವ ಸಾಕ್ಷಿಯೂ ಹೇಳಿಲ್ಲ. ದೂರು, ಮರು ಹೇಳಿಕೆ, ಸ್ಥಳ ಮಹಜರು, ಗಾಯದ ಪ್ರಮಾಣಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಪ್ರತಿ ಸಾಕ್ಷಿಯೂ ನಿಮ್ಮ ಬಗ್ಗೆ ಹೇಳಿದ ಮಾತನ್ನು ಪುಟಸಂಖ್ಯೆಯೊಂದಿಗೆ ಒಂದೇ ಹಾಳೆಯಲ್ಲಿ ಬರೆದರೆ ಈ ಖಾಲಿ ಜಾಗ ಎದ್ದು ಕಾಣುತ್ತದೆ. ವಕೀಲರಿಗೆ ನೀವು ಕೊಡಬಹುದಾದ ಅತ್ಯಂತ ಉಪಯುಕ್ತ ಕಾಗದ ಆ ಹಾಳೆಯೇ.

ಅದೇ ದಿನ ಬೇರೆ ಊರಿನಲ್ಲಿದ್ದೆನೆಂಬುದಕ್ಕೆ ಬಸ್ ಟಿಕೆಟ್ ಇದೆ ಎಂದು ಹಲವರು ನಂಬಿಕೊಂಡು ಬರುತ್ತಾರೆ. ಆದರೆ ಈ ಹಂತದಲ್ಲಿ ಆರೋಪಿ ತನ್ನ ದಾಖಲೆಗಳನ್ನು ಹಾಜರುಪಡಿಸುವ ಹಕ್ಕು ಹೊಂದಿಲ್ಲ ಎಂದು ಸುಪ್ರೀಂ ಕೋರ್ಟ್ ದೇವೇಂದ್ರನಾಥ ಪಾಧಿ ಪ್ರಕರಣದಲ್ಲಿ 2004ರಲ್ಲೇ ಹೇಳಿದೆ. ಅಪವಾದಗಳು ತೀರಾ ಅಪರೂಪ. ಟಿಕೆಟ್ಟನ್ನು ಜೋಪಾನವಾಗಿಡಿ, ಅದರ ಕಾಲ ವಿಚಾರಣೆಯಲ್ಲಿ ಬರುತ್ತದೆ. ಈಗ ಇರುವ ಪ್ರಶ್ನೆ ಒಂದೇ: ಪೊಲೀಸರ ಕಾಗದಗಳನ್ನು ಇದ್ದಂತೆಯೇ ಒಪ್ಪಿದರೂ ಅವುಗಳಿಂದ ಅಪರಾಧ ಮೇಲ್ನೋಟಕ್ಕೆ ಕಾಣುತ್ತದೆಯೇ? ಸುಪ್ರೀಂ ಕೋರ್ಟಿನ 1978ರ ಪ್ರಫುಲ್ಲ ಕುಮಾರ್ ಸಮಲ್ ತೀರ್ಪಿನಂತೆ, ಬರೀ ಅನುಮಾನ ಸಾಲದು, ಗಂಭೀರವಾದ ಅನುಮಾನ ಮೂಡಬೇಕು.

ಪೂರ್ತಿ ಬಿಡುಗಡೆ ಸಿಗದಿದ್ದರೂ ವಾದ ವ್ಯರ್ಥವಾಗುವುದಿಲ್ಲ. ಮೂಳೆ ಮುರಿತವೆಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 117(2) ಹಾಕಿದ್ದು, ಗಾಯದ ಪ್ರಮಾಣಪತ್ರದಲ್ಲಿ ‘ಸಾದಾ ಸ್ವರೂಪದ ಗಾಯ’ ಎಂದಷ್ಟೇ ಇದ್ದರೆ, ಅದನ್ನು ಸಾದಾ ಗಾಯದ ಕಲಂ 115(2)ಕ್ಕೆ ಇಳಿಸುವಂತೆ ಕೇಳಬಹುದು. ಮೊದಲನೆಯದಕ್ಕೆ ಗರಿಷ್ಠ 7 ವರ್ಷ, ಎರಡನೆಯದಕ್ಕೆ 1 ವರ್ಷ ಶಿಕ್ಷೆಯಿದೆ.

ಆ ದಿನ ಹಾಜರಾಗಲು ಸಾಧ್ಯವೇ ಇಲ್ಲದಿದ್ದರೆ ಕಾರಣ ತೋರಿಸಿ ವಿನಾಯಿತಿ ಅರ್ಜಿ ಹಾಕಿಸಬೇಕು, ಇಲ್ಲದಿದ್ದರೆ ವಾರಂಟ್ ಹೊರಡಬಹುದು. ವಾದ ಒಪ್ಪಿಗೆಯಾಗದಿದ್ದಲ್ಲಿ ನ್ಯಾಯಾಧೀಶರು ದೋಷಾರೋಪವನ್ನು ಓದಿ ವಿವರಿಸಿ, ಒಪ್ಪುತ್ತೀರಾ ಎಂದು ನಿಮ್ಮನ್ನೇ ಕೇಳುತ್ತಾರೆ. ಗಾಬರಿಯಲ್ಲಿ ತಲೆಯಾಡಿಸಬೇಡಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ವಿನಯದಿಂದ ಕೇಳಿ. ಆರೋಪವನ್ನು ಒಪ್ಪದಿದ್ದರೆ, ‘ಒಪ್ಪುವುದಿಲ್ಲ ಸ್ವಾಮಿ, ವಿಚಾರಣೆ ನಡೆಸಿ’ ಎಂದು ಸ್ಪಷ್ಟವಾಗಿ ಹೇಳಿ, ಅದು ಹಾಗೆಯೇ ದಾಖಲಾಗಿದೆಯೇ ಎಂದು ಸಹಿ ಮಾಡುವ ಮುನ್ನ ವಕೀಲರಿಂದ ಓದಿಸಿಕೊಳ್ಳಿ.