ಕರಡು ಮಹಾಯೋಜನೆಗೆ ಆಕ್ಷೇಪಣೆ: ಸರ್ವೆ ನಂಬರ್ ಹಿಡಿದು ಮಾಡುವ ಕೆಲಸ

ಊರಿನ ಯಾವ ಜಮೀನು ಯಾವ ಬಳಕೆಗೆ ಅಂತ ಗುರುತಿಸುವ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಹೊರಬಿದ್ದ ಕೂಡಲೇ ಬಡಾವಣೆ ಕಸುಬಿನವರು ಸಾಮಾನ್ಯವಾಗಿ ಬರೆದುಕೊಡುವುದು ಒಂದೇ ಸಾಲು: ‘ನಮ್ಮ ಜಮೀನನ್ನು ಹಸಿರು ವಲಯದಿಂದ ತೆಗೆದು ಹಳದಿಗೆ ಸೇರಿಸಬೇಕಾಗಿ ವಿನಂತಿ.’ ನಕ್ಷೆಯಲ್ಲಿ ಹಸಿರು ಅಂದರೆ ಕೃಷಿ, ಹಳದಿ ಅಂದರೆ ವಸತಿ. ಇಂಥ ಸಾಲು ಅಭಿಪ್ರಾಯವಲ್ಲ, ಬೇಡಿಕೆ. ಓದಿದ ಅಧಿಕಾರಿಗೆ ಮೇಲಕ್ಕೆ ಶಿಫಾರಸು ಬರೆಯಲು ಅದರಲ್ಲಿ ಒಂದು ಕಾರಣವೂ ಸಿಗುವುದಿಲ್ಲ. ನಾನು ಆಕ್ಷೇಪಣೆ ತಯಾರಿಸುವುದು ಆ ಶಿಫಾರಸಿನ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು. ಅಧಿಕಾರಿಯ ಕಡತದಲ್ಲಿ ಯಾವ ವಾಕ್ಯ ಬರಬೇಕೋ ಅದನ್ನು ಮೊದಲು ಬರೆದು, ಆಮೇಲೆ ಅದಕ್ಕೆ ಬೇಕಾದ ನಕ್ಷೆ, ಅಳತೆ, ದಾಖಲೆ ಜೋಡಿಸುತ್ತೇನೆ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಹಾದಿ ಹೀಗಿದೆ. ಸೆಕ್ಷನ್ 10ರಲ್ಲಿ ಯೋಜನಾ ಪ್ರಾಧಿಕಾರ ಯೋಜನೆ ತಯಾರಿಸುವ ಉದ್ದೇಶ ಪ್ರಕಟಿಸುತ್ತದೆ. ಆಮೇಲೆ ಸಮೀಕ್ಷೆ, ಕರಡು. ಕರಡು ಸರ್ಕಾರಕ್ಕೆ ಹೋಗಿ ಬಂದ ಮೇಲೆ ಸೆಕ್ಷನ್ 13ರಡಿ ಸಾರ್ವಜನಿಕರ ಮುಂದೆ ಬರುತ್ತದೆ. ಲಿಖಿತ ಅಭಿಪ್ರಾಯಕ್ಕೆ 60 ದಿನ. ಅಂದರೆ ನಮ್ಮ ಕೈಗೆ ಸಿಗುವ ಕರಡನ್ನು ಸರ್ಕಾರ ಆಗಲೇ ಒಮ್ಮೆ ನೋಡಿರುತ್ತದೆ. ಪ್ರಾಧಿಕಾರ ಆಕ್ಷೇಪಣೆಯನ್ನು ಒಪ್ಪಿಕೊಂಡರೂ ಶಿಫಾರಸು ಮಾಡಬಹುದಷ್ಟೇ, ಕೊನೆಯ ಮಾತು ಸರ್ಕಾರದ್ದು. ಪ್ರಾಧಿಕಾರದ ಕಚೇರಿಯಲ್ಲಿ ‘ಆಗುತ್ತೆ ಬಿಡಿ’ ಅಂದರೆ ನಂಬಿ ಕೂರಬಾರದು ಅನ್ನುವುದು ಇದಕ್ಕೇ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ ಅಂತ ಸೆಕ್ಷನ್ 13ಡಿ ಹೇಳುತ್ತದೆ, ಆದರೆ ಬೆಂಗಳೂರಿನ ಆರ್‌ಎಂಪಿ 2015 (ಪರಿಷ್ಕೃತ ಮಹಾಯೋಜನೆ) ಅನುಮೋದನೆಯಾದದ್ದು 2007ರಲ್ಲಿ. ಅದರ ಜಾಗಕ್ಕೆ ಬರಬೇಕಿದ್ದ 2031ರ ಕರಡು 2017ರ ನವೆಂಬರ್‌ನಲ್ಲಿ ಪ್ರಕಟವಾಯಿತು, ಆಕ್ಷೇಪಣೆಗಳೂ ಬಂದವು, ಕೊನೆಗೆ ಅದನ್ನೇ ಕೈಬಿಡಲಾಯಿತು. ನಕ್ಷೆಯಲ್ಲಿ ಒಮ್ಮೆ ತಪ್ಪು ಗೆರೆ ಕೂತರೆ ಹತ್ತು ವರ್ಷಕ್ಕೆ ಏಳುತ್ತದೆ ಅಂತ ಲೆಕ್ಕ ಹಾಕಬೇಡಿ.

60 ದಿನ ಸಾಕಾಗುವುದಿಲ್ಲ. ಕೆಲಸ ಶುರುವಾಗಬೇಕಾದ್ದು ಸೆಕ್ಷನ್ 10ರ ಪ್ರಕಟಣೆ ಬಂದಾಗಲೇ, ಈಗಿರುವ ಭೂ ಉಪಯೋಗದ ಸಮೀಕ್ಷೆ ನಡೆಯುತ್ತಿರುವಾಗಲೇ. ಈ ಹಂತದಲ್ಲಿ ಆಗುವ ಅತಿ ದೊಡ್ಡ ತಪ್ಪೆಂದರೆ, ವಿನ್ಯಾಸ ಅನುಮೋದನೆಯಾಗಿ ಮನೆ ಏಳದ ಬಡಾವಣೆ ಉಪಗ್ರಹ ಚಿತ್ರದಲ್ಲಿ ಬೀಳು ಜಮೀನಿನಂತೆ ಕಾಣುವುದು. ಸಮೀಕ್ಷೆಯವರು ಅದನ್ನು ಕೃಷಿ ಅಂತ ಗುರುತಿಸುತ್ತಾರೆ, ಕರಡಿನಲ್ಲಿ ಅದರ ಮೇಲೆ ಹಸಿರು ಬಳಿದಿರುತ್ತದೆ, ಇಲ್ಲವೇ ಬಡಾವಣೆಯ ನಟ್ಟನಡುವೆ ಹೊಸ ರಸ್ತೆ ಓಡಿರುತ್ತದೆ. ಹಾಗಾಗಿ ಅನುಮೋದಿತ ವಿನ್ಯಾಸದ ನಕ್ಷೆ, ಭೂ ಪರಿವರ್ತನೆ ಆದೇಶ, ಉದ್ಯಾನ ಮತ್ತು ರಸ್ತೆ ಬಿಟ್ಟುಕೊಟ್ಟ ಪತ್ರ ಮೂರನ್ನೂ ಸಮೀಕ್ಷೆಯ ಹೊತ್ತಿಗೇ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳುತ್ತೇವೆ. ಮಾಹಿತಿ ಹಕ್ಕಿನ ಅರ್ಜಿಯೂ ಆಗಲೇ ಹೋಗಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರಡು ಬಂದ ಮೇಲೆ ಅರ್ಜಿ ಹಾಕಿದರೆ ಅರ್ಧ ಗಡುವು ಕಾಯುವುದರಲ್ಲೇ ಕಳೆಯುತ್ತದೆ. ಕೇಳಬೇಕಾದ್ದು ಎರಡೇ: ಹಿಂದಿನ ಯೋಜನೆಯಲ್ಲಿ ವಸತಿಗೆ ತೋರಿಸಿದ್ದ ಒಟ್ಟು ಎಕರೆ ಎಷ್ಟು, ಅದರಲ್ಲಿ ವಿನ್ಯಾಸ ಅನುಮೋದನೆಯಾದದ್ದು ವರ್ಷವಾರು ಎಷ್ಟು.

ಕರಡು ಕೈಗೆ ಬಂದ ದಿನ ಬಣ್ಣ ನೋಡುವ ಮೊದಲು ಗೆರೆ ನೋಡುತ್ತೇವೆ. ಸರ್ವೆ ನಂಬರಿನ ಗಡಿಗಳು ಬಂದಿರುವುದು ಹಳೆಯ ಗ್ರಾಮ ನಕ್ಷೆಗಳಿಂದ. ಅವು 1:7920 ಪ್ರಮಾಣದವು, ಅಂದರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು ಎಂಟು ಮೀಟರ್. ಗೆರೆಯ ದಪ್ಪದಲ್ಲೇ ಒಂದು ರಸ್ತೆ ಕಳೆದುಹೋಗಬಹುದು. ಈ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಇಡೀ ಗ್ರಾಮವೇ ಒಂದು ಕಡೆಗೆ ಜಾರಿರುವುದುಂಟು. ಪರೀಕ್ಷಿಸುವುದು ಕಷ್ಟವಲ್ಲ. ಮೂರು ಗ್ರಾಮಗಳ ಗಡಿ ಕೂಡುವ ಕಡೆಯ ಬಾಂದು ಕಲ್ಲು, ಜಮೀನಿನ ನಾಲ್ಕು ಮೂಲೆಯ ಕಲ್ಲು, ಜೊತೆಗೆ ಕದಲದ ಗುರುತೊಂದು (ಹಳೆಯ ದೇವಸ್ಥಾನದ ಮೂಲೆಯೋ ಬಾವಿಯ ಕಟ್ಟೆಯೋ ಸಾಕು): ಇಷ್ಟಕ್ಕೂ ಡಿಜಿಪಿಎಸ್ (ಉಪಗ್ರಹ ಸಂಕೇತದಿಂದ ನಿಖರ ಸ್ಥಾನ ಹೇಳುವ ಉಪಕರಣ) ಅಳತೆ ತೆಗೆದು ಕರಡಿನ ಮೇಲೆ ಇಡುತ್ತೇವೆ. ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ಅದು ನಕ್ಷೆ ಕೂರಿಸಿದ ತಪ್ಪು. ಒಂದೊಂದೂ ಒಂದೊಂದು ಕಡೆಗೆ ಹೋಗಿದ್ದರೆ ಮೊದಲು ನಮ್ಮ ಟಿಪ್ಪಣಿ (ಸರ್ವೆ ನಂಬರಿನ ಮೂಲ ಅಳತೆ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣದ ದಾಖಲೆ) ಸರಿಯಿದೆಯೇ ನೋಡಿಕೊಳ್ಳಬೇಕು. ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ಜಾಗ ಹುಡುಕಲು ಒಳ್ಳೆಯದು. ಅದರ ಸ್ಕ್ರೀನ್‌ಶಾಟನ್ನೇ ಅಳತೆಯ ಸಾಕ್ಷಿಯೆಂದು ಲಗತ್ತಿಸಿದರೆ ಆಕ್ಷೇಪಣೆಯ ಬೆಲೆ ಇಳಿಯುತ್ತದೆ.

ಇನ್ನು ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ಕಾಲುವೆ. ದುಡ್ಡು ಹೋಗುವುದೂ ಇಲ್ಲೇ, ಜಗಳ ಹುಟ್ಟುವುದೂ ಇಲ್ಲೇ. ಆರ್‌ಎಂಪಿ 2015ರಲ್ಲಿ ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಫರ್ (ಕಟ್ಟಡ ಕಟ್ಟದೆ ಬಿಡಬೇಕಾದ ಪಟ್ಟಿ), ಅಳತೆ ಕಾಲುವೆಯ ನಡುಗೆರೆಯಿಂದ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು 50, 35, 25 ಮಾಡಿ, ಅಂಚಿನಿಂದ ಅಳೆಯಬೇಕು ಅಂದಿತು, ಕೆರೆಗೆ 75 ಮೀಟರ್ ಇಟ್ಟಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಆ ಮೂರು ವರ್ಷ ಎಷ್ಟು ಪ್ಲಾನುಗಳು ತಡೆಹಿಡಿದು ಕೂತವು ಅನ್ನುವುದು ಈ ಕಸುಬಿನವರಿಗೆಲ್ಲ ಗೊತ್ತು. ಅದರಿಂದ ಕಲಿತದ್ದು: ಕರಡಿನ ವಲಯ ನಿಯಮಾವಳಿಯಲ್ಲಿ ಮೀಟರ್ ಎಷ್ಟು ಅನ್ನುವುದಷ್ಟೇ ಅಲ್ಲ, ಎಲ್ಲಿಂದ ಅಳೆಯಬೇಕು ಅನ್ನುವುದೂ ಬರೆದಿರಬೇಕು. ಬರೆದಿಲ್ಲವಾದರೆ ಅದೇ ಮೊದಲ ಆಕ್ಷೇಪಣೆ.

ಕಾಲುವೆಯ ದರ್ಜೆ ತಪ್ಪಾದರೆ ಏನಾಗುತ್ತದೆ ಅನ್ನುವುದನ್ನು ಆರ್‌ಎಂಪಿ 2015ರ ಅಳತೆಯ ಲೆಕ್ಕದಲ್ಲೇ ನೋಡಿ. ಜಮೀನಿನ ಮಧ್ಯೆ 200 ಮೀಟರ್ ಹರಿಯುವ ಕಾಲುವೆ ತೃತೀಯ ದರ್ಜೆಯದಾದರೆ ಎರಡೂ ಬದಿ 15ರಂತೆ 6,000 ಚದರ ಮೀಟರ್, ಸುಮಾರು 1 ಎಕರೆ 19 ಗುಂಟೆ ಬಿಡಬೇಕು. ಅದನ್ನೇ ದ್ವಿತೀಯ ಅಂತ ತೋರಿಸಿದರೆ 10,000 ಚದರ ಮೀಟರ್, ಅಂದರೆ 2 ಎಕರೆ 19 ಗುಂಟೆ. ಒಂದು ಪದದ ವ್ಯತ್ಯಾಸಕ್ಕೆ ಒಂದು ಎಕರೆ ಹೋಯಿತು. ಹಾಗಂತ ‘ಇಲ್ಲಿ ಕಾಲುವೆಯೇ ಇಲ್ಲ’ ಅಂತ ಬರೆಯುವುದು ಮಾತ್ರ ಬೇಡ. ಗ್ರಾಮ ನಕ್ಷೆಯಲ್ಲಿ ಹಳ್ಳ ಇದ್ದರೆ, ನೀರು ಹರಿದು ಇಪ್ಪತ್ತು ವರ್ಷವಾಗಿದ್ದರೂ, ಅದು ಹಳ್ಳವೇ. ಅದರ ನೆಲ ಬಿ ಖರಾಬು (ಸಾರ್ವಜನಿಕ ಬಳಕೆಗೆ ಮೀಸಲಾದ ಸರ್ಕಾರಿ ನೆಲ), ನಮ್ಮದಲ್ಲ. ಜೋರು ಮಳೆ ಬಂದರೆ ನೀರು ಅದೇ ದಾರಿ ಹುಡುಕಿಕೊಂಡು ಬರುತ್ತದೆ, ಆಗ ಮುಳುಗುವುದು ನಾವು ಮಾರಿದ ಸೈಟು. ನಾವು ಬರೆಯುವುದು ಇಷ್ಟು: ಟಿಪ್ಪಣಿಯಲ್ಲಿರುವ ಹಳ್ಳದ ಗೆರೆ ಇದು, ಕರಡಿನಲ್ಲಿ ತೋರಿಸಿರುವ ಗೆರೆ ಇದು, ಮೇಲಿನ ಕೆರೆಯ ಕೋಡಿಯಿಂದ ಇಲ್ಲಿಗೆ ಬರುವ ಜಲಾನಯನ ಇಷ್ಟು, ಆದ್ದರಿಂದ ದರ್ಜೆ ಮತ್ತು ಜಾಡು ಎರಡನ್ನೂ ದಾಖಲೆಯಂತೆ ತಿದ್ದಬೇಕು.

ರಸ್ತೆಗೂ ಇದೇ ಕ್ರಮ. 24 ಮೀಟರ್ ಅಗಲದ ಪ್ರಸ್ತಾವಿತ ರಸ್ತೆ ಜಮೀನಿನಲ್ಲಿ 180 ಮೀಟರ್ ಹಾಯ್ದರೆ 4,320 ಚದರ ಮೀಟರ್, ಎಕರೆಗಿಂತ ಸುಮಾರು ಎರಡೂ ಮುಕ್ಕಾಲು ಗುಂಟೆ ಹೆಚ್ಚು. ಬೇಡ ಅಂದರೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ರಸ್ತೆಯಿಲ್ಲದ ವಸತಿ ವಲಯ ನಮಗೂ ಉಪಯೋಗವಿಲ್ಲ. ಬದಲಿ ಜಾಡು ಕೊಡುತ್ತೇವೆ, ಆದರೆ ಅದಕ್ಕೆ ಮೂರು ಷರತ್ತು. ಎರಡೂ ತುದಿಯಲ್ಲಿ ಕರಡಿನ ರಸ್ತೆಗೇ ಸೇರಿಕೊಳ್ಳಬೇಕು, ತಿರುವು ವಿಪರೀತವಾಗಬಾರದು, ಹೊರೆ ಪಕ್ಕದವರ ಹೊಲಕ್ಕೆ ದಾಟಬಾರದು. ಮೂರನೆಯದೇ ಹೆಚ್ಚಾಗಿ ಕೆಡುವುದು. ನಾವು ಪೂರ್ವಕ್ಕೆ ತಳ್ಳಿ ಅಂತ ಬರೆದಿರುತ್ತೇವೆ, ಪೂರ್ವದವರು ಪಶ್ಚಿಮಕ್ಕೆ ತಳ್ಳಿ ಅಂತ ಬರೆದಿರುತ್ತಾರೆ. ಎರಡೂ ಒಂದೇ ಕಡತಕ್ಕೆ ಬಂದಾಗ ಗೆಲ್ಲುವುದು ಕರಡಿನ ಗೆರೆ. ಅದಕ್ಕೆ ಅಕ್ಕಪಕ್ಕದ ಖಾತೆದಾರರನ್ನು ಕೂರಿಸಿಕೊಂಡು, ಸರ್ವೆ ಗಡಿಯ ಮೇಲೇ ರಸ್ತೆಯ ನಡುಗೆರೆ ಬರುವಂತೆ, ಇಬ್ಬರಿಂದಲೂ 12 ಮೀಟರ್ ಹೋಗುವಂತೆ ಒಂದೇ ನಕ್ಷೆ ಮಾಡಿ ಎಲ್ಲರ ಸಹಿ ಹಾಕಿಸುವುದು ಒಳ್ಳೆಯದು. ಹೈಟೆನ್ಷನ್ ಲೈನ್ ಇದ್ದರೆ ಅದನ್ನೂ ಗುರುತಿಸಬೇಕು: 66 ಕೆವಿಗೆ 18 ಮೀಟರ್, 220 ಕೆವಿಗೆ 35 ಮೀಟರ್ ಪಟ್ಟಿ. ಮನೆ ಕಟ್ಟಲಾಗದ ಆ ಪಟ್ಟಿಯ ಪಕ್ಕಕ್ಕೇ ರಸ್ತೆ ತನ್ನಿ ಅನ್ನುವ ಸಲಹೆಗೆ ಸಾಮಾನ್ಯವಾಗಿ ಕಿವಿಗೊಡುತ್ತಾರೆ.

ವಲಯ ನಿಯಮಾವಳಿಯ ಪುಸ್ತಕವನ್ನು ನಮ್ಮವರು ತೆರೆಯುವುದೇ ಕಡಿಮೆ. ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಅನುಪಾತ) ಕೋಷ್ಟಕ ನೋಡಿ ಮುಚ್ಚಿಡುತ್ತಾರೆ. ಆ ಕೋಷ್ಟಕವನ್ನು ಒಂದೇ ಒಂದು ಸೈಟಿನ ಮೇಲೆ ಕಟ್ಟಿ ನೋಡಿ. 1,000 ಚದರ ಮೀಟರಿಗೆ ಎಫ್‌ಎಆರ್ 2.25 ಅಂದರೆ 2,250 ಚದರ ಮೀಟರ್ ಕಟ್ಟಬಹುದು. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡುವ ಜಾಗ) ಬಿಟ್ಟ ಮೇಲೆ ಉಳಿಯುವ ತಳ 450 ಅಂದುಕೊಳ್ಳೋಣ. ಅಷ್ಟನ್ನು ಬಳಸಲು ಸ್ಟಿಲ್ಟ್ (ಕಂಬಗಳಷ್ಟೇ ಇರುವ ಕೆಳ ಅಂತಸ್ತು) ಮೇಲೆ ಐದು ಅಂತಸ್ತು ಬೇಕು. ಅದೇ ನಿಯಮಾವಳಿಯ ಎತ್ತರದ ಮಿತಿ ಮೂರೇ ಅಂತಸ್ತು ಬಿಟ್ಟರೆ ಸಿಗುವುದು 1,350, ಅಂದರೆ 1.35. ಉಳಿದದ್ದು ಕಾಗದದ ಮೇಲಿನ ಎಫ್‌ಎಆರ್. ಇಂಥ ಹೊಂದಾಣಿಕೆಯಿಲ್ಲದ ಕಡೆಗಳನ್ನು ಒಂದು ಪುಟದ ಚಿತ್ರದಲ್ಲಿ ತೋರಿಸಿದರೆ ಅಧಿಕಾರಿಗಳೂ ಆಸಕ್ತಿಯಿಂದ ನೋಡುತ್ತಾರೆ. ರಸ್ತೆ ಅಗಲಕ್ಕೆ ಎಫ್‌ಎಆರ್ ಕಟ್ಟಿದ ಕಡೆ ಇನ್ನೊಂದು ಪ್ರಶ್ನೆ ಇದೆ: ನಕ್ಷೆಯಲ್ಲಿ 18 ಮೀಟರ್, ನೆಲದಲ್ಲಿ 9 ಇದ್ದರೆ ಯಾವುದನ್ನು ಹಿಡಿಯುತ್ತಾರೆ? ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಸೆಕ್ಷನ್ 14ಬಿ ಅಡಿ ಸಿಗುವ ಅಭಿವೃದ್ಧಿ ಹಕ್ಕನ್ನು (ಹೆಚ್ಚುವರಿಯಾಗಿ ಕಟ್ಟುವ ಅವಕಾಶ) ಅದೇ ಸೈಟಿನಲ್ಲಿ ಬಳಸಬಹುದೇ? ಉತ್ತರ ನಿಯಮಾವಳಿಯಲ್ಲೇ ಇರಲಿ ಅಂತ ಕೇಳಬೇಕು.

ಮಾಹಿತಿ ಹಕ್ಕಿನಲ್ಲಿ ಪಡೆದ ಅಂಕಿ ಉಪಯೋಗಕ್ಕೆ ಬರುವುದು ವಸತಿ ಬೇಡಿಕೆಯ ಲೆಕ್ಕದಲ್ಲಿ. ಯೋಜನೆ 1,00,000 ಜನ ಹೆಚ್ಚುತ್ತಾರೆ ಅಂದರೆ, ಮನೆಗೆ ನಾಲ್ವರಂತೆ 25,000 ಮನೆ. ಒಂದು ಎಕರೆ 43,560 ಚದರ ಅಡಿ. ರಸ್ತೆ, ಉದ್ಯಾನ, ಸಿಎ (ನಾಗರಿಕ ಸೌಲಭ್ಯ) ನಿವೇಶನ ಬಿಟ್ಟು ಶೇ. 55 ಸೈಟಿಗೆ ಉಳಿದರೆ 30×40 ಅಳತೆಯ 20 ಸೈಟು. ಸೈಟಿಗೆ ಸರಾಸರಿ ಒಂದೂವರೆ ಮನೆ ಹಿಡಿದರೆ ಎಕರೆಗೆ 30 ಮನೆ, ಒಟ್ಟು ಸುಮಾರು 833 ಎಕರೆ ಸಾಕು. ಕಾಗದದ ಮೇಲೆ ಇದು ಸರಿ. ಆದರೆ ಹಳದಿ ಬಳಿದ ಜಮೀನೆಲ್ಲ ಮಾರುಕಟ್ಟೆಗೆ ಬರುವುದಿಲ್ಲ. ಪೋಡಿಯಾಗದ (ಅಳೆದು ಬೇರ್ಪಡಿಸದ) ಹಿಸ್ಸೆ, ಪಾಲಿನ ದಾವೆ, 1978ರ ಪಿಟಿಸಿಎಲ್ ಕಾಯ್ದೆಯ ಮಂಜೂರು ಭೂಮಿ (ಪರಿಶಿಷ್ಟರಿಗೆ ಕೊಟ್ಟದ್ದು, ಮಾರಾಟಕ್ಕೆ ನಿರ್ಬಂಧವಿದೆ), ದಾರಿಯಿಲ್ಲದ ಒಳಭೂಮಿ ಎಲ್ಲವೂ ಅದರಲ್ಲೇ ಸೇರಿರುತ್ತವೆ. ಹಿಂದಿನ ಯೋಜನೆಯ ಹಳದಿಯಲ್ಲಿ ಅರ್ಧ ಮಾತ್ರ ಬಡಾವಣೆಯಾಗಿದ್ದರೆ ಈ ಸಲ 833ಕ್ಕೆ ಬದಲು ಎರಡರಷ್ಟು ತೋರಿಸಬೇಕು ಅನ್ನುವುದಕ್ಕೆ ಪ್ರಾಧಿಕಾರದ ಸ್ವಂತ ಅಂಕಿಯೇ ಆಧಾರ. ಜನಸಂಖ್ಯೆಯ ಮೂಲ ಯಾವುದು ಅಂತಲೂ ನೋಡಿ. 2011ರ ಗಣತಿಯನ್ನೇ ಮುಂದಕ್ಕೆ ಎಳೆದಿದ್ದರೆ ಊರ ಅಂಚಿನ ಗ್ರಾಮಗಳ ಲೆಕ್ಕ ತಪ್ಪಿರುತ್ತದೆ. ಆ ಗ್ರಾಮಗಳ ಗೃಹಬಳಕೆ ವಿದ್ಯುತ್ ಸಂಪರ್ಕದ ಸಂಖ್ಯೆ ಪಕ್ಕದಲ್ಲಿಟ್ಟು ತೋರಿಸಬಹುದು.

ಇಲ್ಲಿ ನಮ್ಮವರಿಗೆ ರುಚಿಸದ ಮಾತೊಂದು. ಹಳದಿ ಹೆಚ್ಚಾದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ತಲೆಗೆ ದಿನಕ್ಕೆ 135 ಲೀಟರಿನಂತೆ ಸಾವಿರ ಮನೆಗೆ 5.4 ಲಕ್ಷ ಲೀಟರ್ ನೀರು ಬೇಕು, ಅದರ ಶೇ. 80 ಕೊಳಚೆಯಾಗಿ ಹೊರಗೆ ಬರುತ್ತದೆ. ಹಳದಿ ನಾಲ್ಕು ದಿಕ್ಕಿಗೂ ಚೆದುರಿದರೆ ಒಳಚರಂಡಿಯ ಮುಖ್ಯ ಕೊಳವೆ ಯಾವ ದಿಕ್ಕಿಗೂ ಪೂರ್ತಿ ಬರುವುದಿಲ್ಲ, ಟ್ಯಾಂಕರಿನಲ್ಲೇ ಬಡಾವಣೆ ಬದುಕುತ್ತದೆ. ಆದ್ದರಿಂದ ಜಲಾನಯನದ ಇಳಿಜಾರು ನೋಡಿ, ಒಂದೇ ಶುದ್ಧೀಕರಣ ಘಟಕಕ್ಕೆ ತಾನಾಗಿ ಹರಿಯುವ ಪಟ್ಟಿಯನ್ನು ಮೊದಲ ಹಂತಕ್ಕೆ ಸೇರಿಸಿ ಅಂತ ಬರೆಯುತ್ತೇವೆ, ಅದರಲ್ಲಿ ನಮ್ಮ ಜಮೀನು ಬಾರದಿದ್ದರೂ.

ಅರ್ಜಿ ಬರೆಯುವಾಗ ಒಂದು ವಿಷಯಕ್ಕೆ ಒಂದೇ ಅರ್ಜಿ. ಅರವತ್ತು ಪುಟದ ಒಟ್ಟು ಮನವಿಗೆ ‘ಪರಿಶೀಲಿಸಲಾಗಿದೆ’ ಅನ್ನುವ ಒಂದೇ ಸಾಲಿನ ಉತ್ತರ ಸಿಗುತ್ತದೆ. ನಮ್ಮ ನಮೂನೆ ಹೀಗೆ: ‘ಗ್ರಾಮ ಇಂಥದ್ದು, ಸರ್ವೆ ನಂ. 42/3, ವಿಸ್ತೀರ್ಣ 3 ಎಕರೆ 12 ಗುಂಟೆ, ಖರಾಬು 0-04. ಕರಡು ನಕ್ಷೆ ಹಾಳೆ ಸಂಖ್ಯೆ ಇಷ್ಟು. ತೋರಿಸಿರುವುದು: ದ್ವಿತೀಯ ಕಾಲುವೆ. ದಾಖಲೆಯಲ್ಲಿರುವುದು: ತೃತೀಯ. ಕೋರಿಕೆ: ದರ್ಜೆ ತಿದ್ದುವುದು. ಲಗತ್ತು: ಪಹಣಿ, ಟಿಪ್ಪಣಿ, ಗ್ರಾಮ ನಕ್ಷೆ, ಅಳತೆ ನಕ್ಷೆ.’ ಪೋಡಿಯಾಗಿ 42/3 ಈಗ 42/3ಎ ಮತ್ತು 42/3ಬಿ ಆಗಿದ್ದರೆ ಎರಡನ್ನೂ ಬರೆಯಬೇಕು; ಪಹಣಿಗೂ ಅರ್ಜಿಗೂ ನಂಬರ್ ತಾಳೆಯಾಗದೆ ಬಿದ್ದುಹೋಗುವುದು ಸಾಮಾನ್ಯ. ಜಂಟಿ ಅಭಿವೃದ್ಧಿ ಒಪ್ಪಂದದ ಜಮೀನಾದರೆ ಅರ್ಜಿ ಖಾತೆದಾರರ ಹೆಸರಿನಲ್ಲಿ, ನಮ್ಮ ಸಹಿ ಜಿಪಿಎ (ಅಧಿಕಾರ ಪತ್ರ) ಪ್ರತಿಯ ಜೊತೆ. ಲಾಭ ನಷ್ಟದ ಮಾತು ಎಲ್ಲೂ ಬೇಡ, ಅದನ್ನು ಶಿಫಾರಸಿನಲ್ಲಿ ಬರೆಯಲು ಬರುವುದಿಲ್ಲ. ಟಪಾಲು ವಿಭಾಗದಲ್ಲಿ ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಹೊರಗೆ ಬರಬಾರದು. ಇಮೇಲ್‌ನಲ್ಲಿ ಕಳಿಸಿದ್ದನ್ನೂ ಕಾಗದದಲ್ಲಿ ಕೊಡುತ್ತೇವೆ.

ಆಕ್ಷೇಪಣೆ ಬಿದ್ದುಹೋದರೂ ಆ ಸ್ವೀಕೃತಿ ಪ್ರತಿ ಕೆಲಸಕ್ಕೆ ಬರುತ್ತದೆ. ನಕ್ಷೆ ಬಿಡಿಸುವಾಗಿನ ತಪ್ಪು, ನೆಲದ ಸ್ವರೂಪ ಗುರುತಿಸುವಾಗಿನ ತಪ್ಪು, ಬಿಟ್ಟುಹೋದ ವಿವರ ಇದ್ದಲ್ಲಿ ಸೆಕ್ಷನ್ 14ಎ ಅಡಿ ಆಮೇಲೂ ಭೂ ಉಪಯೋಗ ಬದಲಾವಣೆ ಕೇಳಬಹುದು. ಪತ್ರಿಕಾ ಪ್ರಕಟಣೆ, ಸಾರ್ವಜನಿಕರ ಆಕ್ಷೇಪಣೆ, ಸರ್ಕಾರದ ಒಪ್ಪಿಗೆ, ಶುಲ್ಕ ಎಲ್ಲ ಇರುವ ಉದ್ದ ದಾರಿ ಅದು. ತಪ್ಪು ಕರಡಿನಲ್ಲೇ ಇತ್ತು, 60 ದಿನದೊಳಗೇ ಹೇಳಿದ್ದೆವು ಅನ್ನಲು ಮೊಹರಿನ ಆ ಪ್ರತಿ ಬೇಕು. ಖಾಸಗಿ ಜಮೀನನ್ನು ಉದ್ಯಾನಕ್ಕೋ ರಸ್ತೆಗೋ ಕಾಯ್ದಿರಿಸಿದ್ದರೆ ಸೆಕ್ಷನ್ 69 ಬೇರೆಯೇ ಇದೆ: ಅಂತಿಮ ಯೋಜನೆ ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ ಐದು ವರ್ಷದೊಳಗೆ ಒಪ್ಪಂದದಿಂದ ಪಡೆಯದೆ, ಸ್ವಾಧೀನ ಪ್ರಕ್ರಿಯೆಯನ್ನೂ ಶುರುಮಾಡದೆ ಬಿಟ್ಟರೆ ಆ ಕಾಯ್ದಿರಿಸುವಿಕೆ ಬಿದ್ದುಹೋಗುತ್ತದೆ. ರಾಜ್ಯಪತ್ರದ ದಿನಾಂಕವನ್ನು ಜಮೀನಿನ ಕಡತದ ಮೊದಲ ಹಾಳೆಯಲ್ಲೇ ಬರೆದಿಡಿ.