ರೇಷ್ಮೆ ಸೀರೆಯ ಕೌದಿ: ಬಟ್ಟೆ ಜಾರುವುದು ನಿಂತದ್ದು ಹೀಗೆ

ಹಳೆ ಕಾಟನ್ ಸೀರೆಯ ಕೌದಿ ಹೊಲಿದವರಿಗೆ ಗೊತ್ತು, ಪದರಗಳು ಒಂದನ್ನೊಂದು ಹಿಡಿದುಕೊಂಡು ಕೂರುತ್ತವೆ. ರೇಷ್ಮೆ ಹಾಗಲ್ಲ. ಅಮ್ಮನ ಸೀರೆಯ ಚೌಕಗಳು ಮೆಷಿನ್ನಿನ ಕೆಳಗೆ ಜಾರುತ್ತಿದ್ದವು. ಕತ್ತರಿಸಿದ ಅಂಚು ಮುಟ್ಟಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು.

ಸರಿಹೋಗಿದ್ದು ಇಸ್ತ್ರಿಯ ಶಾಖಕ್ಕೆ ಬಟ್ಟೆಗೆ ಅಂಟಿಕೊಳ್ಳುವ ಒಳಪದರ, ಅಂದರೆ ಫ್ಯೂಸಿಂಗ್‌ನಿಂದ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ತೀರಾ ತೆಳುವಾದದ್ದನ್ನೇ ಕೇಳಿ ತಂದೆ. ಕಾಲರಿಗೆ ಹಾಕುವ ದಪ್ಪದ್ದು ಬೇಡ, ಕೌದಿ ರಟ್ಟಿನ ಹಾಗೆ ಗಡುಸಾಗುತ್ತದೆ. ಕತ್ತರಿಸುವ ಮೊದಲೇ ಸೀರೆಯ ಹಿಂಬದಿಗೆ ಅಂಟಿಸಬೇಕು, ಅದೇ ಮುಖ್ಯ. ಅಂಟಿನ ಬದಿ ಕೈಗೆ ಒರಟಾಗಿ ಸಿಗುತ್ತದೆ, ಬೆಳಕಿಗೆ ಹಿಡಿದರೆ ಚುಕ್ಕಿಗಳು ಮಿನುಗುತ್ತವೆ. ಅದು ರೇಷ್ಮೆಯ ಕಡೆಗಿರಬೇಕು. ಮೇಲೆ ಕಾಟನ್ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ ಒತ್ತಿ ಎತ್ತುತ್ತಾ ಹೋದೆ. ಉಜ್ಜಿದರೆ ಸುಕ್ಕು ಹಾಗೇ ಅಂಟಿಬಿಡುತ್ತದೆ. ಈಗಿನ ಜರಿಯಲ್ಲಿ ಪ್ಲಾಸ್ಟಿಕ್ ಇರುವುದೇ ಜಾಸ್ತಿ, ಹಾಗಾಗಿ ಬಾರ್ಡರ್ ಹತ್ತಿರ ಶಾಖ ಕಡಿಮೆ ಇರಲಿ.

ಮೆಷಿನ್ನಿಗೆ 16ನೇ ನಂಬರಿನ ಸೂಜಿಯ ಬದಲು ಅದಕ್ಕಿಂತ ಸಣ್ಣದಾದ 11 ಹಾಕಿದೆ. ಗುಂಡುಸೂಜಿ ರೇಷ್ಮೆಯಲ್ಲಿ ತೂತು ಉಳಿಸುತ್ತದೆ ಅಲ್ವಾ, ಅದಕ್ಕೇ ಹೊಲಿಗೆಗೆ ಬಿಟ್ಟ ಅಂಚಿನಲ್ಲಷ್ಟೇ ಚುಚ್ಚಿದೆ. ಪದರಗಳನ್ನು ಸೇರಿಸುವ ದಾರದ ಸಾಲು ಮಾತ್ರ ಕೈಯಲ್ಲೇ. ಕೌದಿಯ ಚೆಂದ ಇರುವುದೇ ಅಲ್ಲಿ.

ಮಡಿಕೆಯ ಗೆರೆಯಲ್ಲಿ ಸೀಳಿದ್ದ ಸೆರಗನ್ನು ಬಿಟ್ಟೆ. ನೂಲೇ ಲಡ್ಡಾಗಿದ್ದರೆ ಫ್ಯೂಸಿಂಗ್ ಏನೂ ಮಾಡಲಾರದು.