ಅರ್ಜಿಯಲ್ಲಿ ‘ಆರಾಮ’ ಎಂದು ಬರೆಯಬೇಡಿ: ಕಾಯಿಲೆಯಿಂದ ಕೆಲಸ ಬಿಟ್ಟ ಹೊಸಬರಿಗೆ

ಈ ಸಲ ಕಾಫಿ ಕೊಯ್ಲಿನ ಹೊತ್ತಿಗೆ ಮೂಡಿಗೆರೆ ಸಮೀಪದ ತವರಿಗೆ ಬಂದಿದ್ದೇನೆ. ಮೊನ್ನೆ ಹಾಸನದಿಂದ ನೆಂಟರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅಮೆರಿಕದಲ್ಲಿರುವ ಅವರ ಮಗ ಕಾಯಿಲೆ ಬಿದ್ದು ಏಳು ತಿಂಗಳಿಂದ ಕೆಲಸಕ್ಕೆ ಹೋಗುತ್ತಿಲ್ಲ. ಆ ಸಂಗತಿ ತಾಯಿಗೆ ತಿಳಿದದ್ದು ಹೋದ ವಾರ. ಪ್ರತಿ ಭಾನುವಾರ ಫೋನಿನಲ್ಲಿ ‘ಆರಾಮಾಗಿದ್ದೀನಮ್ಮ’ ಎಂದೇ ಹೇಳುತ್ತಿದ್ದನಂತೆ. ಆ ಮಾತನ್ನು ನಾನೂ ವರ್ಷಗಟ್ಟಲೆ ಹೇಳಿದವಳು. ಹೆತ್ತವರಿಗೆ ಮಾತ್ರವಲ್ಲ, ವೈದ್ಯರಿಗೂ, ಕೊನೆಗೆ, ಕಾಯಿಲೆಯಿಂದ ದುಡಿಯಲಾಗದವರಿಗೆ ತಿಂಗಳ ಹಣ ಕೊಡುವ ಅಂಗವೈಕಲ್ಯ ವಿಮೆಗಾಗಿ ಅಮೆರಿಕದ ಸರ್ಕಾರಕ್ಕೆ ಕೊಟ್ಟ ಅರ್ಜಿಯಲ್ಲೂ. ಅದರಿಂದ ನನಗಾದ ನಷ್ಟ ನಮ್ಮ ಕಡೆಯಿಂದ ಹೋದ ಮತ್ತೊಬ್ಬರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಕೈಬೆರಳುಗಳ ಗೆಣ್ಣುಗಳಿಗೆ ರುಮಟಾಯ್ಡ್ ಸಂಧಿವಾತ ಹತ್ತಿ ನಾನು ಲ್ಯಾಬಿನ ಕೆಲಸ ಬಿಟ್ಟಾಗ ನನಗೆ 42 ವರ್ಷ. ಅರ್ಜಿ ಹಾಕಲು ಒಂದೂವರೆ ವರ್ಷ ತಡಮಾಡಿದೆ. ಕೂಲಿಯಾಳುಗಳಿಗೆ ಕೈಯೆತ್ತಿ ಕೊಟ್ಟ ಮನೆಯಲ್ಲಿ ಹುಟ್ಟಿದವಳು ಪರದೇಶದ ಸರ್ಕಾರದ ಮುಂದೆ ಕೈಚಾಚುವುದೇ ಎಂಬ ಸಂಕೋಚ ನನ್ನನ್ನು ಕಟ್ಟಿಹಾಕಿತ್ತು. ಇದು ಕೈಚಾಚುವುದಲ್ಲ. ನಿಮ್ಮ ಪ್ರತಿ ಸಂಬಳದಿಂದ ಸೋಶಿಯಲ್ ಸೆಕ್ಯುರಿಟಿಗೆಂದು, ಅಂದರೆ ಅಲ್ಲಿಯ ಸಾಮಾಜಿಕ ಭದ್ರತಾ ಯೋಜನೆಗೆಂದು, ಶೇಕಡ 6.2ರಷ್ಟು ಹಿಡಿಯುತ್ತಾರಲ್ಲ, ಅದರಲ್ಲಿ ಈ ವಿಮೆಯ ಕಂತೂ ಸೇರಿದೆ. 1956ರಿಂದ ನಡೆದುಬಂದಿರುವ ಏರ್ಪಾಡು ಇದು. ಆದರೆ ವಿಮೆಗೆ ಅವಧಿ ಇದೆ. ತೆರಿಗೆ ಕಟ್ಟಿದ ದುಡಿಮೆಗೆ ಸಿಗುವ ಅಂಕವನ್ನು ಕ್ರೆಡಿಟ್ ಎನ್ನುತ್ತಾರೆ. ವಯಸ್ಸು 31 ದಾಟಿದವರು ಸಾಮಾನ್ಯವಾಗಿ ಅಂಗವೈಕಲ್ಯಕ್ಕೆ ಮುಂಚಿನ ಹತ್ತು ವರ್ಷಗಳೊಳಗೆ ಕನಿಷ್ಠ 20 ಕ್ರೆಡಿಟ್ ಗಳಿಸಿರಬೇಕು, ವಯಸ್ಸು ಏರಿದಂತೆ ಒಟ್ಟು 40ರವರೆಗೂ ಬೇಕಾಗುತ್ತವೆ; ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಿಗುವುದಿಲ್ಲ, ಕಿರಿಯರಿಗೆ ಕಡಿಮೆ ಸಾಕು. ಭಾರತಕ್ಕೂ ಅಮೆರಿಕಕ್ಕೂ ಈ ಬಗ್ಗೆ ಒಪ್ಪಂದವಿಲ್ಲದ ಕಾರಣ ಬೆಂಗಳೂರಿನಲ್ಲಿ ದುಡಿದ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಕಳೆದುಹೋದ ತಿಂಗಳುಗಳ ಹಣವನ್ನೂ ಅರ್ಜಿಯ ದಿನದಿಂದ ಹಿಂದಕ್ಕೆ ಹೆಚ್ಚೆಂದರೆ ಹನ್ನೆರಡು ತಿಂಗಳವರೆಗೆ ಮಾತ್ರ ಕೊಡುತ್ತಾರೆ.

ಎಚ್-1ಬಿ ವೀಸಾದಲ್ಲಿರುವವರು ಒಂದು ವಿಷಯ ಗಮನಿಸಬೇಕು. ತೆರಿಗೆ ನೀವೂ ಕಟ್ಟುತ್ತೀರಿ, ಕ್ರೆಡಿಟ್ ನಿಮಗೂ ಸೇರುತ್ತದೆ. ಆದರೆ ನೌಕರಿ ಮುಗಿದ ಮೇಲೆ ಅಲ್ಲಿ ಉಳಿಯಲು ಹೆಚ್ಚೆಂದರೆ 60 ದಿನಗಳ ಅವಕಾಶವಿರುವುದರಿಂದ, ರಾಜೀನಾಮೆ ಕೊಡುವ ಮುನ್ನವೇ ವಲಸೆ ವಕೀಲರನ್ನು ಕಾಣಿರಿ.

ಊರಿನ ರೂಢಿಯಿಂದ ಬರುವ ಇನ್ನೊಂದು ತಪ್ಪು ತಿಳಿವಳಿಕೆಯಿದೆ. ನಮ್ಮಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷಿಸಿ ಅಂಗವೈಕಲ್ಯ ಶೇಕಡ ಇಷ್ಟು ಎಂದು ಪ್ರಮಾಣಪತ್ರ ಕೊಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹಲವು ಸೌಲಭ್ಯಗಳಿಗೆ ಶೇಕಡ 40 ಇದ್ದರೆ ಸಾಕು. ಅಲ್ಲಿಯ ಈ ವಿಮೆಯಲ್ಲಿ ಶೇಕಡಾವಾರು ಲೆಕ್ಕವೇ ಇಲ್ಲ. ಕಾಯಿಲೆ ಕನಿಷ್ಠ ಹನ್ನೆರಡು ತಿಂಗಳು ಇರುವಂಥದ್ದೋ ಸಾವಿನಲ್ಲಿ ಕೊನೆಗೊಳ್ಳುವಂಥದ್ದೋ ಆಗಿರಬೇಕು, ಹಳೆಯ ಕೆಲಸವಷ್ಟೇ ಅಲ್ಲ, ನಿಮ್ಮ ವಯಸ್ಸಿಗೂ ಓದಿಗೂ ಹೊಂದುವ ಬೇರೆ ಕೆಲಸವನ್ನೂ ಮಾಡಲಾಗದಂತಿರಬೇಕು. ರೋಗದ ಹೆಸರನ್ನು ನೋಡಿ ಹಣ ಕೊಡುವುದಿಲ್ಲ; ದಿನ ಹೇಗೆ ಕಳೆಯುತ್ತೀರಿ ಎಂಬುದನ್ನು ನೋಡುತ್ತಾರೆ.

ನಾನು ಎಡವಿದ್ದು ಇಲ್ಲೇ. ದಿನಚರಿಯ ಬಗ್ಗೆ ಒಂದು ದೀರ್ಘ ನಮೂನೆ ಬರುತ್ತದೆ. ಅಡುಗೆ ಮಾಡುತ್ತೀರಾ ಎಂಬ ಪ್ರಶ್ನೆಗೆ ನಾನು ‘ಹೌದು, ದಿನವೂ ಅಕ್ಕಿರೊಟ್ಟಿ ಮಾಡುತ್ತೇನೆ’ ಎಂದು ಬರೆದೆ. ಅಡುಗೆಯನ್ನೂ ಮಾಡಲಾರೆನೆಂದು ಬರೆಯಲು ಮನಸ್ಸಾಗಲಿಲ್ಲ. ಬರೆಯಬೇಕಾಗಿದ್ದುದು ಹೀಗೆ: ಹಿಟ್ಟನ್ನು ಗಂಡ ನಾದಿಕೊಡುತ್ತಾರೆ, ಬೆರಳು ಮಡಚಲಾಗದ್ದರಿಂದ ನಾನು ಅಂಗೈಯ ಬುಡದಿಂದ ಒತ್ತುತ್ತೇನೆ, ಎರಡು ರೊಟ್ಟಿ ತಟ್ಟುವಷ್ಟರಲ್ಲಿ ಮಣಿಕಟ್ಟು ಊದಿಕೊಳ್ಳುತ್ತದೆ, ಕಾವಲಿಯನ್ನು ಇಳಿಸಲು ಮಗಳನ್ನು ಕರೆಯುತ್ತೇನೆ, ಆಮೇಲೆ ಒಂದು ಗಂಟೆ ಮಲಗಿರುತ್ತೇನೆ, ವಾರದಲ್ಲಿ ನಾಲ್ಕು ದಿನ ಅದೂ ಆಗುವುದಿಲ್ಲ. ವೈದ್ಯರ ಕಡತದಲ್ಲಿಯೂ, ಪ್ರತಿ ಭೇಟಿಯ ಮೊದಲ ಸಾಲಿನಲ್ಲಿ, ರೋಗಿ ತಾನು ಚೆನ್ನಾಗಿದ್ದೇನೆಂದು ಹೇಳುತ್ತಾಳೆ ಎಂದಿತ್ತು. ಅವರು ನಾನು ಹೇಳಿದ್ದನ್ನೇ ಬರೆದಿದ್ದರು. ಅರ್ಜಿ ತಿರಸ್ಕೃತವಾಯಿತು.

ಭಾಷೆಯ ಮಾತೂ ಇದೆ. ನಮ್ಮಲ್ಲಿ ನೋವು ಬೇರೆ, ಸೆಳೆತ ಬೇರೆ, ಉರಿ ಬೇರೆ, ಜೋಮು ಬೇರೆ, ಬೆಳಗ್ಗೆ ಎದ್ದಾಗ ಕೈ ‘ಹಿಡಿದುಕೊಂಡಿರುವುದು’ ಬೇರೆ. ನಾನು ಎಲ್ಲಕ್ಕೂ ಇಂಗ್ಲಿಷಿನ ‘ಪೇನ್’ ಎಂಬ ಒಂದೇ ಪದ ಬರೆದಿದ್ದೆ. ನನ್ನ ಕಾಯಿಲೆಯ ಮುಖ್ಯ ಲಕ್ಷಣವೇ ಬೆಳಗಿನ ಆ ಬಿಗಿತ, ಅದು ಮಧ್ಯಾಹ್ನದವರೆಗೂ ಬಿಡುವುದಿಲ್ಲವೆಂಬುದು ಎಲ್ಲಿಯೂ ಬರಲಿಲ್ಲ. ಇಂಗ್ಲಿಷ್ ಬರುತ್ತದೆಂಬ ಹೆಮ್ಮೆಯನ್ನು ಬದಿಗಿಟ್ಟು ದುಭಾಷಿಯನ್ನು ಕೇಳಿರಿ. ಸೋಶಿಯಲ್ ಸೆಕ್ಯುರಿಟಿ ಕಚೇರಿ ಉಚಿತವಾಗಿ ಒದಗಿಸುತ್ತದೆ. ಇಲ್ಲವಾದರೆ ಮೊದಲು ಕನ್ನಡದಲ್ಲಿ ಬರೆದುಕೊಂಡು ಬಳಿಕ ಅನುವಾದಿಸಿರಿ.

ತಿರಸ್ಕಾರದ ಪತ್ರ ಕೈಸೇರಿದ ಮೇಲೆ 60 ದಿನಗಳೊಳಗೆ ಮೇಲ್ಮನವಿ ಹಾಕಬೇಕು. ಹೊಸ ಅರ್ಜಿ ಹಾಕಿದರೆ ಹಳೆಯ ಅರ್ಜಿಯ ದಿನಾಂಕ ಕೈತಪ್ಪಬಹುದು. ವಕೀಲರು ಸಾಮಾನ್ಯವಾಗಿ ಗೆದ್ದರೆ ಮಾತ್ರ ಬಾಕಿ ಹಣದ ಕಾಲುಭಾಗ ಪಡೆಯುತ್ತಾರೆ, ಅದಕ್ಕೂ ಮಿತಿಯಿದೆ. ಜನನ ಪ್ರಮಾಣಪತ್ರ, ವೈದ್ಯರ ವಿಳಾಸ, ಔಷಧಿಗಳ ಪಟ್ಟಿ, ಕಳೆದ ಐದು ವರ್ಷಗಳ ಕೆಲಸದ ವಿವರ ಸಿದ್ಧವಿರಲಿ.

ನಿಮ್ಮನ್ನು ಬಲ್ಲ ಇನ್ನೊಬ್ಬರು ತುಂಬಬಹುದಾದ ನಮೂನೆಯೂ ಇದೆ. ಮೇಲ್ಮನವಿಯ ವೇಳೆಗೆ ಅದನ್ನು ನನ್ನ ಮಗಳು ತುಂಬಿದಳು. ಆಗ ಅವಳಿಗೆ ಹದಿನಾರು. ಅಮ್ಮ ನನ್ನ ಜಡೆ ಹೆಣೆಯುವುದನ್ನು ಏಳನೆಯ ತರಗತಿಯಲ್ಲಿ ನಿಲ್ಲಿಸಿದಳು, ನಾನು ದೊಡ್ಡವಳಾದೆನೆಂದು ಅಂದುಕೊಂಡಿದ್ದೆ, ಆಮೇಲೆ ಒಂದು ದಿನ ಅವಳು ಎರಡೂ ಕೈಗಳಿಂದ ಲೋಟ ಹಿಡಿದು ಅಳುತ್ತಿರುವುದನ್ನು ಕಂಡೆ ಎಂದು ಅದರಲ್ಲಿ ಬರೆದಿದ್ದಳು. ಮಗಳಿಗೆ ತಿಳಿಯದಿರಲೆಂದು ನಾನು ಬಚ್ಚಿಟ್ಟದ್ದೆಲ್ಲ ಅವಳಿಗೆ ತಿಳಿದಿತ್ತು. ತಿಳಿದದ್ದನ್ನು ಹೇಳುವಂತಿಲ್ಲವೆಂಬ ನಮ್ಮ ಮನೆಗಳ ಪಾಠವನ್ನೂ ಅವಳು ನನ್ನಿಂದಲೇ ಕಲಿತಿದ್ದಳು. ಕನ್ನಡವನ್ನು ಪೂರ್ತಿಯಾಗಿ ದಾಟಿಸಲಾಗದ ನಾನು ಇದೊಂದನ್ನು ಮಾತ್ರ ಚೆನ್ನಾಗಿ ದಾಟಿಸಿದ್ದೆನೆಂಬ ಸಂಕಟ ಇಂದಿಗೂ ಇದೆ. ನ್ಯಾಯಾಧೀಶರ ವಿಚಾರಣೆಯಲ್ಲಿ ಅರ್ಜಿ ಮಂಜೂರಾಯಿತು. ಅಂಗವೈಕಲ್ಯ ಆರಂಭವಾದ ಮೇಲೆ ಐದು ಪೂರ್ಣ ತಿಂಗಳುಗಳಿಗೆ ಹಣ ಬರುವುದಿಲ್ಲ. ಹಣಕ್ಕೆ ಅರ್ಹರಾದ 24 ತಿಂಗಳ ನಂತರ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ದೊರೆಯುತ್ತದೆ. 18 ತುಂಬದ ಮಕ್ಕಳಿಗೂ ಒಂದು ಪಾಲು ಸಿಗಬಹುದು.

ಹಾಸನದ ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಈ ಭಾನುವಾರ ಹೇಗಿದ್ದೀಯ ಎಂದು ಕೇಳಬೇಡಿ, ಬೆಳಗ್ಗೆ ಎದ್ದವನು ಮಧ್ಯಾಹ್ನದೊಳಗೆ ಏನೇನು ಮಾಡಲಾರೆ ಎಂದು ಕೇಳಿರಿ. ನಿನ್ನೆ ಅವರು ಫೋನ್ ಮಾಡಿದ್ದರು. ಮಗ ಮೊದಲು ಸುಮ್ಮನಿದ್ದನಂತೆ, ಆಮೇಲೆ ಒಂದೊಂದಾಗಿ ಹೇಳುತ್ತ ಹೋದನಂತೆ. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಅವರು ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡು, ಮೂರು ಪುಟಗಳ ಚಿತ್ರ ತೆಗೆದು ಅವನಿಗೇ ಕಳುಹಿಸಿದ್ದಾರೆ.